ನಿದ್ದೆಗಷ್ಟೇ ಕೇಳುವ ದನಿ

ಅಡಿವೆಪ್ಪ ಹೊಸಮನಿ ಅಂದು ಸಂಜೆ ನಾಲ್ಕು ಗಂಟೆಗೆ ಕಣ್ಣು ಬಿಟ್ಟಾಗ ಗೋಡೆಯ ಗಡಿಯಾರಕ್ಕೆ ಕೆಳಗಿನ ಅರ್ಧವೇ ಇರಲಿಲ್ಲ. ಹನ್ನೆರಡು ಕಾಣುತ್ತಿತ್ತು, ಒಂಬತ್ತು ಮೂರು ಕಾಣುತ್ತಿದ್ದವು, ಆರು ಮಾತ್ರ ಎಲ್ಲೋ ಹೋಗಿತ್ತು. ಅದರ ಕೆಳಗಿನ ಟೇಬಲ್ಲು, ನೀರಿನ ತಂಬಿಗೆ, ಅವನ ಸ್ವಂತ ಕಾಲುಗಳು ಎಲ್ಲವೂ ಬೂದಿ ಬಣ್ಣದ ಒಂದು ತೆರೆಯ ಹಿಂದೆ ಸೇರಿಕೊಂಡಿದ್ದವು. ಬಲಗಣ್ಣು ದಿಂಬಿನಲ್ಲಿ ಹುದುಗಿದೆಯೆಂದು ಹೊಳೆದು ತಲೆ ಎತ್ತಿದ. ಗಡಿಯಾರ ಪೂರ್ತಿಯಾಯಿತು. ಬಲಗಣ್ಣು ಮುಚ್ಚಿದ. ಮತ್ತೆ ಅರ್ಧವಾಯಿತು. ಅರವತ್ತೇಳು ವರ್ಷದ ಗಂಡಸು ಹಾಸಿಗೆಯ ಮೇಲೆ ಕೂತು ಹೀಗೆ ಒಂದೊಂದೇ ಕಣ್ಣು ಮುಚ್ಚುತ್ತ ತೆರೆಯುತ್ತ ಇರುವುದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನೋಡುವುದಕ್ಕೆ ಯಾರೂ ಇರಲಿಲ್ಲ, ಆ ಮಾತು ಬೇರೆ.

ಸಂಜೆ ಎದ್ದ ಎಂದದ್ದಕ್ಕೆ ಅವನನ್ನು ಸೋಮಾರಿ ಎಂದುಕೊಳ್ಳಬೇಡಿ. ಹುಬ್ಬಳ್ಳಿಯಲ್ಲಿ ಅವನು ಇಪ್ಪತ್ತೈದು ವರ್ಷ ರೈಲ್ವೆಯ ಕಾಲ್‌ಮನ್ ಆಗಿದ್ದವನು. ಕೈಕೈಗೆ ಮೊಬೈಲು ಬರುವ ಮುಂಚೆ ಅಂಥದೊಂದು ನೌಕರಿ ಇತ್ತು. ರಾತ್ರಿ ಸೈಕಲ್ಲಿನಲ್ಲಿ ಇಂಜಿನ್ ಡ್ರೈವರುಗಳ ಮನೆಗೆ ಹೋಗುವುದು, ಕಿಟಕಿಯ ಕೆಳಗೆ ನಿಂತು ಹೆಸರು ಹಿಡಿದು ಕರೆಯುವುದು, ಎಬ್ಬಿಸಿ ಡ್ಯೂಟಿಯ ವೇಳೆ ಹೇಳಿ ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುವುದು. ತನಗೆ ಎರಡನೆಯ ಸಲ ಕರೆಯುವ ಪ್ರಸಂಗವೇ ಬರಲಿಲ್ಲ ಎಂಬುದು ಅಡಿವೆಪ್ಪನ ಹೆಮ್ಮೆ. ಮೊಬೈಲು ಬಂದ ಮೇಲೆ ಅವನನ್ನು ಸ್ಟೋರಿನ ರಾತ್ರಿ ಪಾಳಿಗೆ ಹಾಕಿದರು. ನಿವೃತ್ತನಾಗಿ ಏಳು ವರ್ಷವಾದರೂ ಆ ಸುದ್ದಿ ಅವನ ಮೈಗೆ ಮುಟ್ಟಲಿಲ್ಲ. ಈಗಲೂ ಬೆಳಗ್ಗೆ ಎಂಟಕ್ಕೆ ಮಲಗಿದರೆ ಸಂಜೆ ನಾಲ್ಕಕ್ಕೇ ಏಳುವುದು. ಊರು ಎದ್ದಾಗ ಅವನು ಮಲಗಿರುತ್ತಿದ್ದ. ಊರು ಮಲಗಿದಾಗ ಅವನೊಬ್ಬನೇ ರೇಡಿಯೋ ಹಚ್ಚಿಕೊಂಡು ಅಕ್ಕಿ ಆರಿಸುತ್ತ ಕೂತಿರುತ್ತಿದ್ದ. ಹಾಗಾಗಿ ಗೆಳೆಯರೆಂಬುವರು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗಿದ್ದರು.

ಎರಡು ದಿನ ಕಣ್ಣಿಗೆ ತಣ್ಣೀರು ಹಾಕಿಕೊಂಡು ನೋಡಿದ. ಮೂರನೆಯ ದಿನ ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿ ಮೈಸೂರಿನ ಕಡೆಯಿಂದ ಬಂದ ಡಾಕ್ಟರ್ ಹರಿಣಿ ಎಂಬಾಕೆ ಅವನ ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗೂ ಕಣ್ಣಿಗೂ ಏನೇನೂ ಸಂಬಂಧವಿರಲಿಲ್ಲ.

"ಯಜಮಾನ್ರೇ, ಗೊರಕೆ ಹೊಡೀತೀರಾ?"

"ನನ್ನ ಗೊರಕಿ ನನಗ ಹೆಂಗ ಕೇಳಬೇಕ್ರಿ ಡಾಕ್ಟರ್?"

"ಪಕ್ಕದಲ್ಲಿ ಮಲಗೋರು ಏನಂತಾರೆ?"

"ಪಕ್ಕದಾಗ ಗ್ವಾಡಿ ಐತ್ರಿ. ಅದು ಇಲ್ಲೀತನಕ ಏನೂ ಅಂದಿಲ್ಲ."

ಡಾಕ್ಟರು ನಕ್ಕರು. ನಕ್ಕ ಮೇಲೆ ತಪ್ಪು ಮಾಡಿದೆ ಅನ್ನಿಸಿತೇನೋ, ಮುಖ ತಗ್ಗಿಸಿ ಫಾರ್ಮಿನಲ್ಲಿ 'ನಿದ್ದೆಯನ್ನು ನೋಡಿದವರು' ಎಂಬ ಸಾಲಿನ ಮುಂದೆ ಒಂದು ಅಡ್ಡಗೀಟು ಎಳೆದರು. ಅಡಿವೆಪ್ಪನಿಗೆ ಆ ಗೀಟು ಸರಿಬರಲಿಲ್ಲ.

ಮರುದಿನ ಅವನನ್ನು ಅಲ್ಲೇ ಮಲಗಿಸಿ ಪರೀಕ್ಷೆ ಮಾಡಿದರು. ಗಂಟೆಗೆ ಐವತ್ತೊಂದು ಸಲ ಉಸಿರು ನಿಲ್ಲುತ್ತಿತ್ತು. ನಿದ್ದೆಯಲ್ಲಿ ನಾಲಿಗೆಯ ಬುಡ ಸಡಿಲವಾಗಿ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿಬಿಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಹತ್ತು ಸೆಕೆಂಡು, ಇಪ್ಪತ್ತು, ಒಮ್ಮೊಮ್ಮೆ ನಲವತ್ತು. ಎದೆ ಏಳುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕಣ್ಣಿನ ಹಿಂದೆ ದೃಷ್ಟಿನರ ಎಂಬುದೊಂದಿದೆ. ಅದಕ್ಕೆ ರಕ್ತ ತರುವ ನಾಳಗಳು ಕೂದಲಿಗಿಂತ ಸಣ್ಣವು. ವರ್ಷಗಟ್ಟಲೆ ಈ ಹೊಡೆತ ತಿಂದ ಅವು ಒಂದು ದಿನ ಕೈ ಚೆಲ್ಲುತ್ತವೆ. ನರದ ಆ ಭಾಗ ಸಾಯುತ್ತದೆ.

"ಎಡಗಣ್ಣಲ್ಲಿ ಹೋಗಿರೋದು ವಾಪಸ್ ಬರೋದು ಕಷ್ಟ," ಎಂದರು ಡಾಕ್ಟರು. "ನನಗೀಗ ಬಲಗಣ್ಣಿನದೇ ಚಿಂತೆ. ಒಂದಕ್ಕೆ ಆದದ್ದು ಇನ್ನೊಂದಕ್ಕೂ ಆಗಬಹುದು. ಹೇಗಾದರೂ ಮಾಡಿ ಉಳಿಸಿಕೋಬೇಕು."

ಅಡಿವೆಪ್ಪ ಮನೆಗೆ ಬಂದವನು ಬಲಗಣ್ಣಿಗೆ ಅಂಗೈ ಮುಚ್ಚಿ, ಎಡಗಣ್ಣಿನ ಉಳಿದ ಅರ್ಧದಲ್ಲಿ ಚಹಾ ಮಾಡಲು ನೋಡಿದ. ಒಲೆ ಕಾಣಲಿಲ್ಲ. ಮಾಳಿಗೆಯಿಂದ ಹದಿನಾಲ್ಕು ಮೆಟ್ಟಿಲು ಇಳಿಯಲು ಹೋಗಿ ಎರಡನೆಯದರಲ್ಲೇ ಗೋಡೆ ತಬ್ಬಿಕೊಂಡ. ಬಲಗಣ್ಣು ಹೋದರೆ ಈ ಮನೆಯಲ್ಲಿ ಒಬ್ಬನೇ ಇರಲಾರೆ, ಒಬ್ಬನೇ ಇರುವುದಲ್ಲದೆ ಬೇರೆ ದಾರಿಯೂ ಇಲ್ಲ ಎಂದು ಅವನಿಗೆ ಅಲ್ಲೇ ಮೆಟ್ಟಿಲ ಮೇಲೆ ಗೊತ್ತಾಯಿತು. ಬಹಳ ಹೆದರಿದ.

ಮೊದಲು ಮೂಗಿಗೆ ಗಾಳಿ ಊದುವ ಮುಖವಾಡ ಕೊಟ್ಟರು. ಎಷ್ಟೋ ಜನರಿಗೆ ಅದು ಒಗ್ಗುತ್ತದೆ, ಅದರಿಂದಲೇ ಬದುಕಿದ್ದಾರೆ. ಇವನಿಗೆ ಒಗ್ಗಲಿಲ್ಲ. ಅಂಚಿನಿಂದ ಸೋರಿದ ಗಾಳಿ ಸೀದಾ ಕಣ್ಣಿಗೆ ಬಡಿದು, ಈ ಕಾಯಿಲೆಯಿಂದ ಮೊದಲೇ ಸಡಿಲವಾಗಿದ್ದ ರೆಪ್ಪೆ ಮಗುಚಿಕೊಂಡು ಕಣ್ಣು ಕೆಂಡವಾಯಿತು. ಎರಡು ವಾರದ ಮೇಲೆ ಡಾಕ್ಟರೇ ಅದನ್ನು ತೆಗೆದಿಟ್ಟು, "ನಿಮಗೆ ಕರೆಪಟ್ಟಿನೇ ಸರಿ," ಎಂದರು.

ಕರೆಪಟ್ಟಿ ಆ ವರ್ಷವೇ ಬಂದದ್ದು. ಕಣ್ಣಿಗೆ ಕಟ್ಟಿಕೊಳ್ಳುವ ಮೆತ್ತನೆಯ ಬಟ್ಟೆಯಂತಿರುತ್ತದೆ. ಒಳಗಿನಿಂದ ಕಣ್ಣಿಗೆ ಕಾಣದ ಬೆಳಕು ಮುಚ್ಚಿದ ರೆಪ್ಪೆಯನ್ನು ದಾಟಿ ಹೋಗಿ, ಅಕ್ಷಿಪಟಲದ ರಕ್ತದ ಬಣ್ಣ ನೋಡಿಕೊಂಡು ಬರುತ್ತದೆ. ಉಸಿರು ನಿಂತು ಬಣ್ಣ ಕಂದತೊಡಗಿತೋ, ಕಿವಿಯ ಹಿಂದಿನ ಎಲುಬಿಗೆ ಅಂಟಿದ ಗುಂಡಿಯಿಂದ ಒಂದು ದನಿ ಕರೆಯುತ್ತದೆ. ಗಂಟೆ, ಪೀಪಿ, ಏನು ಬಾರಿಸಿದರೂ ಮನುಷ್ಯ ಗಾಬರಿಯಾಗಿ ಎದ್ದು ಕೂರುತ್ತಾನೆ, ನಿದ್ದೆ ಹಾಳು. ಆದರೆ ನಿದ್ದೆಯಲ್ಲಿ ತನ್ನನ್ನು ವರ್ಷಗಟ್ಟಲೆ ಕರೆದವರ ದನಿ ಕೇಳಿದರೆ ಮಿದುಳು ಏಳುವುದೇ ಇಲ್ಲ, ನಾಲಿಗೆಯ ಬುಡವನ್ನಷ್ಟೇ ಬಿಗಿಮಾಡಿ, ಉಸಿರೆಳೆಸಿ, ಮಗ್ಗಲು ಬದಲಿಸುತ್ತದೆ. ಹಾಗಾಗಿ ಕರೆಪಟ್ಟಿ ಬೇಕಾದವರು ತಮ್ಮ ದನಿಯನ್ನು ತಾವೇ ತರಬೇಕು.

ಇದರಿಂದ ಊರಲ್ಲಿ ಏನೇನಾಯಿತೆಂದು ಹೇಳಹೊರಟರೆ ದೊಡ್ಡ ಪುರಾಣವಾದೀತು. ಅತ್ತೆಯ ದನಿ ಕೊಟ್ಟು ಗಂಡನ ನಿದ್ದೆ ಕಾಯುವ ಸೊಸೆಯರು ಮುನಿಸಿಕೊಂಡರು. ಹಳೆಯ ಮದುವೆಯ ವಿಡಿಯೋ ತಿರುಗಿಸಿ ಸತ್ತ ಹೆಂಡತಿಯ ಎರಡು ಮಾತು ಹೆಕ್ಕಿಕೊಂಡು ಬಂದ ಮುದುಕರಿದ್ದರು. ಒಬ್ಬ ಬಟ್ಟೆ ವ್ಯಾಪಾರಿಗೆ ಹೆಂಡತಿ ಕರೆದರೆ ಏನೂ ಆಗದೆ, ಅಂಗಡಿಯ ಗುಮಾಸ್ತ ಕರೆದರೆ ಉಸಿರು ಬಂದು, ಮನೆಯಲ್ಲಿ ರಾಮಾಯಣವಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಯಾರೇ ಬಂದು ಕೂತರೂ ಇಬ್ಬಿಬ್ಬರು ಇರುತ್ತಿದ್ದರು. ಅಡಿವೆಪ್ಪ ಪಕ್ಕದ ಜಾಗದಲ್ಲಿ ತನ್ನ ಕೈಚೀಲ ಇಟ್ಟುಕೊಂಡು ಕೂತ.

ಕರೆಕೋಣೆಯಲ್ಲಿ ಹನ್ನೆರಡು ಮಂಚ, ಗಾಜಿನಾಚೆ ಹನ್ನೆರಡು ಕಂಪ್ಯೂಟರ್ ಪರದೆ. ಪರದೆಗಳನ್ನು ನೋಡಿಕೊಳ್ಳುವವಳು ಮೆಹಜಬೀನ್ ಎಂಬ ಹುಡುಗಿ, ಹಳೇ ಹುಬ್ಬಳ್ಳಿಯವಳು, ಮಾತಿನ ಮಲ್ಲಿ.

"ಯಾರ ದನಿ ತಂದೀರಿ ಕಾಕಾ?"

"ನಂದs."

"ನಿಮ್ಮದs?"

"ಇಪ್ಪತ್ತೈದು ವರ್ಷ ಅರ್ಧ ಹುಬ್ಬಳ್ಳಿನ ನಾ ಎಬ್ಬಿಸೇನಿ, ತಂಗಿ. ನನಗಿಂತ ಚಲೋ ಕರಿಯಾವ್ರು ಯಾರದಾರ, ತೋರ್ಸು ನೋಡೂಣು."

ಅವಳಿಗೆ ತಮಾಷೆಯೆನಿಸಿ, ಧ್ವನಿ ತೆಗೆದುಕೊಂಡಳು. ಅಡಿವೆಪ್ಪ ಎದೆಯುಬ್ಬಿಸಿ ಕಿಟಕಿಯ ಕೆಳಗೆ ನಿಂತವನಂತೆ ತನ್ನ ಹೆಸರನ್ನೇ ಕೂಗಿದ. ಮಲಗಿದ. ನಾಲ್ಕಕ್ಕೆ ಎದ್ದಾಗ ಮೆಹಜಬೀನ್ ತಲೆಯಾಡಿಸಿದಳು. ಪರದೆಯ ಮೇಲೆ ರಕ್ತದ ಬಣ್ಣ ತೋರಿಸುವ ಕೆಂಪು ಪಟ್ಟಿ ಗಂಟೆಗೆ ಐವತ್ತು ಸಲ ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ಇಳಿದಿತ್ತು. ಅವನ ದನಿ ಕರೆದೇ ಕರೆದಿತ್ತು. ನಾಲಿಗೆ ಕೇರ್ ಮಾಡಿರಲಿಲ್ಲ. ತನ್ನ ದನಿಯನ್ನು ಮಿದುಳು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ.

ಆದರೆ ಆ ವಾರವೇ ಇನ್ನೊಂದು ನಡೆಯಿತು. ನಿವೃತ್ತ ಡ್ರೈವರ್ ಫ್ರಾನ್ಸಿಸ್ ಎಂಬ ಎಪ್ಪತ್ತೆಂಟರ ಮುದುಕ ಅಲ್ಲಿಗೆ ಬರುತ್ತಿದ್ದ. ಹೆಂಡತಿಯ ದನಿಯನ್ನು ಅವನು ಐವತ್ತು ವರ್ಷದಿಂದ ಕಿವಿಗೆ ಹಾಕಿಕೊಂಡವನಲ್ಲವಾದ್ದರಿಂದ ನಿದ್ದೆಯಲ್ಲೂ ಹಾಕಿಕೊಳ್ಳಲಿಲ್ಲ. ಮೆಹಜಬೀನಳಿಗೆ ಏನು ತೋಚಿತೋ, ಅಡಿವೆಪ್ಪನಿಂದ "ಫ್ರಾನ್ಸಿಸ್ ಡ್ರೈವರ್ ಏ" ಎಂದು ಕೂಗಿಸಿ ಹಾಕಿದಳು. ಮುದುಕ ಒಂದೇ ಕರೆಗೆ ಎದ್ದು ಕೂತು, "ಊಟದ ಡಬ್ಬಿ ಎಲ್ಲಿ?" ಎಂದು ಕಾಲಿಗೆ ಬೂಟು ಹುಡುಕಿದ. ಉಳಿದ ಮಂಚದವರೆಲ್ಲ ಎಚ್ಚೆತ್ತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದನಿಯನ್ನು ಸ್ವಲ್ಪ ತಗ್ಗಿಸಿದ ಮೇಲೆ ಮುದುಕನ ಉಸಿರು ಸಲೀಸಾಯಿತು. ಹೀಗೆ ಇನ್ನೂ ಮೂವರು ಹಳೆಯ ಡ್ರೈವರುಗಳು ಅಡಿವೆಪ್ಪನ ದನಿ ಕಟ್ಟಿಕೊಂಡು ಮನೆಗೆ ಹೋದರು. ಅವನು ಅವರೆಲ್ಲರಿಗೆ ನಗುನಗುತ್ತ ಕೈಮುಗಿದು ಕಳಿಸಿಕೊಟ್ಟ. ಆಮೇಲೆ ಖಾಲಿ ಬೆಂಚಿನಲ್ಲಿ ಕೂತಾಗ, ಅಲ್ಲ, ನನ್ನನ್ನು ಇಷ್ಟು ಜನರಲ್ಲಿ ಒಬ್ಬರೂ ಒಂದು ದಿನ ಎಬ್ಬಿಸಲಿಲ್ಲವಲ್ಲ ಎಂದುಕೊಂಡ.

ಚಹಾದಂಗಡಿಯವನ ದನಿ ತಂದ. ಕೆಳಗಿನ ಮನೆಯ ಟೀಚರಮ್ಮನ ದನಿ ತಂದ. ಯಾವುದಕ್ಕೂ ನಾಲಿಗೆ ಮಿಸುಕಲಿಲ್ಲ.

"ನೆನಪ ಮಾಡ್ಕೋರಿ ಕಾಕಾ," ಎಂದಳು ಮೆಹಜಬೀನ್. "ನೀವು ಮಲಗಿದ್ದಾಗ ನಿಮ್ಮನ್ನ ಯಾರರ ಕರದಾರೇನು? ಒಂದ ದಿನ ಅಲ್ಲ, ವರ್ಷಾನುಗಟ್ಟಲೆ."

ಅಡಿವೆಪ್ಪ ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಆಮೇಲೆ, "ಒಬ್ಬಾಕಿ ಇದ್ಲು," ಎಂದ.

ಕಾಶವ್ವ ಅವನ ಹೆಂಡತಿ. ಹದಿನಾಲ್ಕು ವರ್ಷ ಸಂಸಾರ ಮಾಡಿ, ಬಿಟ್ಟುಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ರಾತ್ರಿಯೆಲ್ಲ ಕಂಡವರನ್ನು ಎಬ್ಬಿಸಿ ಬಂದು ಅವನು ಹಗಲು ಮಲಗುತ್ತಿದ್ದ. ಮಲಗಿದವನನ್ನು ಆಕೆ ಸುಮ್ಮನೆ ಬಿಡುತ್ತಿರಲಿಲ್ಲ. ಗಳಿಗೆಗೊಮ್ಮೆ ಅಲುಗಿಸುತ್ತಿದ್ದಳು, ಹೊರಳಿಸುತ್ತಿದ್ದಳು, ಏನೋ ಅನ್ನುತ್ತಿದ್ದಳು. ಅವನಿಗೆ ರೇಗುತ್ತಿತ್ತು. ಒಂದು ದಿನ ನಿದ್ದೆಗಣ್ಣಿನಲ್ಲೇ ಎದ್ದು ಕಪಾಳಕ್ಕೆ ಹೊಡೆದ. ಸಂಜೆ ಎದ್ದಾಗ ಆಕೆ ಇರಲಿಲ್ಲ. ತಾನಾಗಿ ಬರುತ್ತಾಳೆ ಬಿಡು ಎಂದುಕೊಂಡ. ಕರೆಯಲು ಹೋಗಲಿಲ್ಲ. ಊರನ್ನೆಲ್ಲ ಕರೆದವನಿಗೆ ಅದೊಂದು ಬಾಗಿಲಿಗೆ ಹೋಗಿ ಕರೆಯಲು ಸೊಕ್ಕು ಬಿಡಲಿಲ್ಲ.

ತವರೂರು ಬ್ಯಾಡಗಿಯಲ್ಲಿ ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರ ಮೇಸ್ತ್ರಿಯಾಗಿದ್ದಳು. ಅಡಿವೆಪ್ಪ ಬೆಳಗಿನ ಬಸ್ಸಿಗೆ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತ. ಒಳಗೆ ಕೆಂಪು ಗುಡ್ಡೆಗಳು, ಖಾರದ ಘಾಟು. ನಿಂತ ಅರೆಗಳಿಗೆಗೆ ನಾಲ್ಕು ಸೀನು ಸೀನಿದ. ಕಣ್ಣು ಧಾರಾಕಾರವಾಯಿತು. ಮೂಲೆಯಿಂದ ನರೆಗೂದಲ ಹೆಂಗಸೊಬ್ಬಳು ತಲೆ ಎತ್ತಿ ನೋಡಿದಳು.

"ಯಾರು, ಅಡಿವೆಪ್ಪನ? ಬಾ, ಕುಂದ್ರು."

ಹದಿನಾಲ್ಕು ವರ್ಷದಲ್ಲಿ ಆಕೆಯ ಬಾಯಿಂದ ಅವನ ಹೆಸರು ಬಂದಿರಲಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಸುತ್ತುಗಟ್ಟಿ ಗಂಡನ ಹೆಸರು ಸೇರಿಸಿ ಒಡಪು ಹೇಳು ಎಂದು ಪೀಡಿಸಿದಾಗಲೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕವಳು. ಈಗ ಚಹಾ ತರುವ ಹುಡುಗನನ್ನು ಕರೆದಂತೆ ಕರೆದಿದ್ದಳು.

ಆಕೆ ನೀರು ಕೊಟ್ಟಳು. ಅವನು ಬಂದ ಕಾರಣ ಹೇಳಿದ. ಉಸಿರು ನಿಲ್ಲುವ ಸಂಗತಿ ಬಂದಾಗ ಆಕೆಯ ಕೈ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತು," ಎಂದಳು.

"ಏನ ಗೊತ್ತಿತ್ತು?"

"ನಿಂತಿರತಿತ್ತು. ನಾ ಬಾಜೂಕ ಕುಂತು ನೋಡತಿದ್ದೆ. ಸತ್ತss ಹೋದ್ಯೇನೋ ಅಂತ ಅಲುಗಾಡಸ್ತಿದ್ದೆ, ಒಂದ ಮಾತು ಅಂತಿದ್ದೆ, ಹೊಳ್ಳಿ ಉಸಿರು ತಗೋತಿದ್ದಿ. ಹಂಗs ಮತ್ತ ನಿಂದರತಿತ್ತು. ಹದಿನಾಕ ವರ್ಷ ಹಗಲ ಹೊತ್ತು ನಾ ಒಂದ ಕೆಲಸ ನೆಟ್ಟಗ ಮಾಡಲಿಲ್ಲ. ನಿನಗ ಹೇಳಿದ್ದೆ."

"ಹೇಳಿದ್ದ್ಯಾ?"

"ಹೇಳಿದ್ದೆ. 'ಉಸಿರು ನಿಂತಿದ್ರ ನಾ ಸಾಯತಿದ್ದೆ, ಸತ್ತೇನೇನು' ಅಂತ ನಕ್ಕಿ. ಆಮ್ಯಾಲೆ ಹೊಡದಿ."

ಅಡಿವೆಪ್ಪನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲು ಕೈ ಎತ್ತಿದ.

"ಏ, ಒರಿಸ್ಕೋಬ್ಯಾಡ. ಕೈಗೆ ಖಾರ ಹತ್ತೇತಿ," ಎಂದಳು ಕಾಶವ್ವ. ಖಾರದ ನೀರೋ ಬೇರೆಯದೋ ಎಂದು ಆಕೆ ಕೇಳಲಿಲ್ಲ. "ತಪ್ಪಾತು ಕಾಶಿ," ಎಂದ ಅವನು. ಇಪ್ಪತ್ತೆರಡು ವರ್ಷ ತಡವಾಗಿ ಬಂದ ಆ ಮಾತಿಗೆ ಆಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗುಡ್ಡೆಯಿಂದ ಇನ್ನೊಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡಳು.

ಅವನು ಜೇಬಿನಿಂದ ಆಸ್ಪತ್ರೆಯ ರೆಕಾರ್ಡರು ತೆಗೆದ. ಜೊತೆಗಿನ ಕಾಗದದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಮಲಗಿದವರನ್ನು ಹೆಸರು ಹಿಡಿದು ಮೂರು ಸಲ ಕರೆಯತಕ್ಕದ್ದು. ಕಾಶವ್ವ ಓದಿಸಿಕೊಂಡಳು.

"ಹೆಸರ? ಅದಕ್ಕೇನು. ಈಗ್ಯಾಕ ಹೇಳಬಾರದು?" ಎಂದು, ಗಂಟಲು ಸರಿಮಾಡಿಕೊಂಡು, "ಅಡಿವೆಪ್ಪ, ಹೊಳ್ಳಿ ಮಲಗು," ಎಂದು ಮೂರು ಸಲ ಹೇಳಿದಳು. ಅವನು ಎದ್ದಾಗ ಒಂದು ಕಿಲೋ ಮೆಣಸಿನಕಾಯಿ ಕಟ್ಟಿಕೊಟ್ಟಳು. ಬೀಗರಿಗೆ ಕೊಟ್ಟ ಹಾಗೆ.

ಆ ದನಿಯೂ ನಡೆಯಲಿಲ್ಲ.

ಮೆಹಜಬೀನ್ ಎರಡು ಹಗಲು ನೋಡಿದಳು. ಪರದೆಯ ಪಟ್ಟಿ ಕಂದುತ್ತಿತ್ತು, ಕಾಶವ್ವ ಕರೆಯುತ್ತಿದ್ದಳು, ಅಡಿವೆಪ್ಪನ ನಾಲಿಗೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂಬಂತೆ ತೆಪ್ಪಗಿರುತ್ತಿತ್ತು. ಅದರ ಜೊತೆಗೇ ಇನ್ನೊಂದು ಕೆಟ್ಟ ಸುದ್ದಿ. ಬಲಗಣ್ಣಿನ ನರದ ಅಂಚು ಊದಿಕೊಂಡಿದೆ ಎಂದು ಡಾಕ್ಟರ್ ಹರಿಣಿ ಹೇಳಿದರು. ಎಡಗಣ್ಣಿಗೂ ಹೀಗೇ ಶುರುವಾಗಿರಬೇಕು, ವಾರವೋ ತಿಂಗಳೋ ಹೇಳಲಾರೆ ಎಂದರು. ಅಡಿವೆಪ್ಪ ತಲೆಯಾಡಿಸಿ ಎದ್ದುಬಂದ.

ಮರುದಿನ ಮೆಹಜಬೀನ್ ಓಡುತ್ತ ಬಂದಳು.

"ಕಾಕಾ, ತಪ್ಪ ನಮ್ಮದು! ನಿನ್ನೆ ಮನ್ಯಾಗ ಅಮ್ಮಿ ಅಬ್ಬಾನ ಕರಿಯಾಕತ್ತಿದ್ಲು, 'ಅಜೀ, ಸುನ್ತೆ ಕ್ಯಾ' ಅಂತ. ತಟ್ ಅಂತ ಹೊಳೀತು ನೋಡ್ರಿ. ನಮ್ಮಮ್ಮಿ ಅಬ್ಬಾನ ಹೆಸರು ಹೇಳಿದ್ದ ನಾ ಹುಟ್ಟಿದಾಗಿಂದ ಕೇಳಿಲ್ಲ. ನಿಮ್ಮ ಮನಿಯವರೂ ಹೇಳತಿದ್ದಿಲ್ಲ, ಹೌದಲ್ರೀ?"

"ಇಲ್ಲ."

"ಮತ್ತ! ನಿಮ್ಮ ನಿದ್ದಿ ಆ ದನಿಯಾಗ ಆ ಹೆಸರ ಕೇಳೇ ಇಲ್ಲ. ಅದಕ್ಕ ಅದು ಪರಕೀಯ. ಆ ಕಾಗದ ಎಲ್ಲಿಯವರು ಬರದಾರೋ ಏನೋ. ಹೇಳ್ರಿ, ನಿಮ್ಮನ್ನ ಏನಂತ ಕರೀತಿದ್ರು?"

ಅಡಿವೆಪ್ಪ ನೆನಪಿಸಿಕೊಂಡ. ಎಚ್ಚರದಲ್ಲಿ 'ಏನ್ರೀ', 'ಇಲ್ಲಿ ನೋಡ್ರಿ' ಅನ್ನುತ್ತಿದ್ದಳು. ನಿದ್ದೆಯಲ್ಲಿ? ಹದಿನಾಲ್ಕು ವರ್ಷ, ದಿನಕ್ಕೆ ನೂರು ಸಲ ಅಂದಿದ್ದ ಒಂದು ಮಾತು. ಅವನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು, ಮಲಗಿದ್ದನಲ್ಲ.

ಮೆಹಜಬೀನ್ ಅಲ್ಲಿಂದಲೇ ಬ್ಯಾಡಗಿಗೆ ಫೋನು ಹಚ್ಚಿದಳು. ಆಚೆಯಿಂದ ಕಾಶವ್ವನ ದನಿ ಅಡಿವೆಪ್ಪನಿಗೂ ಕೇಳುತ್ತಿತ್ತು. "ತಂಗಿ, ಹೆಸರ ಕೇಳಿದ್ರಿ, ಕೊಟ್ಟೆ. ಆ ಮಾತು ಬ್ಯಾರೆ ಐತಿ. ಅದನ್ನ ಡಬ್ಬಿಯಾಗ ತುಂಬಿ ಕೊಡಾಕ ಬರೂದಿಲ್ಲ." ಫೋನು ಇಟ್ಟುಬಿಟ್ಟಳು.

ಮೆಹಜಬೀನ್ ಮತ್ತೆ ಹಚ್ಚಲು ಹೋದಾಗ ಅಡಿವೆಪ್ಪ ಅವಳ ಕೈ ಹಿಡಿದ. "ಬ್ಯಾಡ ತಂಗಿ. ಆಕಿಗೆ ಇನ್ನ ಕಾಡಬ್ಯಾಡ. ಕೊಡೂದನ್ನೆಲ್ಲಾ ಕೊಟ್ಟಾಳ, ನಾನs ತಗೊಂಡಿಲ್ಲ." ಮನೆಗೆ ಹೋಗಿ ಮೆಟ್ಟಿಲಿಗೆ ಹಗ್ಗ ಕಟ್ಟಿದ. ಉಪ್ಪಿನ ಡಬ್ಬಿ ಎಡಕ್ಕೆ, ಸಕ್ಕರೆ ಬಲಕ್ಕೆ, ಎರಡರ ನಡುವೆ ಒಂದು ಗೇಣು. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡುವುದನ್ನು ಕಲಿಯತೊಡಗಿದ. ಆದರೂ ದಿನಾ ಬೆಳಗ್ಗೆ ಕರೆಕೋಣೆಗೆ ಹೋಗಿ ಮಲಗುತ್ತಿದ್ದ. ಹೋಗದಿದ್ದರೆ ಆ ಹುಡುಗಿಯ ಮನಸ್ಸಿಗೆ ನೋವಾದೀತೆಂದು.

ಒಂಬತ್ತನೆಯ ದಿನ ಸಂಜೆ ಎದ್ದಾಗ ತಲೆ ಎಂದಿನಂತೆ ಭಾರವಿರಲಿಲ್ಲ. ಬಾಯಿ ಒಣಗಿರಲಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲೊಂದನ್ನು ಯಾರೋ ಇಳಿಸಿಟ್ಟಂತಿತ್ತು. ಗಾಜಿನಾಚೆ ಮೆಹಜಬೀನ್ ಕೂತಿದ್ದಳು. ಅವಳ ಮೂಗು ಕೆಂಪಾಗಿತ್ತು.

"ಏನಾತ?"

"ಬಂದಿದ್ರು."

"ಯಾರು?"

"ಹನ್ನೊಂದರ ಬಸ್ಸಿಗೆ ಬಂದ್ರು. ನಿಮ್ಮ ಕಣ್ಣ ಬಾತಿದ್ದು, ನೀವು ಕಾಡಬ್ಯಾಡ ಅಂದಿದ್ದು, ಎಲ್ಲಾ ನಾನs ಫೋನ್ ಮಾಡಿ ಹೇಳಿದ್ದೆ. ಬೈರಿ ಬೇಕಾದ್ರ." ಮೆಹಜಬೀನ್ ಮೂಗು ಒರೆಸಿಕೊಂಡಳು. "ಗಾಜಿನ ಹತ್ರ ನಿಂತು ನಿಮ್ಮನ್ನ ನೋಡಾಕತ್ತಿದ್ರು. ರೆಕಾರ್ಡ್ ಮಾಡೂಣ ಬರ್ರಿ ಅಂದೆ. ನಾ ಹಂಗ ಯಂತ್ರದ ಮುಂದ ಹೇಳಾಕಿ ಅಲ್ಲ ಅಂದ್ರು. ಅಷ್ಟರಾಗ ನಿಮ್ಮ ಉಸಿರ ನಿಂತು. ನನ್ನ ಪರದೆ ಬಣ್ಣ ಬದಲಿಸೂದಕ್ಕ ಮೊದಲs ಅವರಿಗೆ ಗೊತ್ತಾಗಿತ್ರಿ ಕಾಕಾ. ಬಾಗಲಾ ನೂಕ್ಕೊಂಡು ಒಳಗ ಹೋದ್ರು. ಹಾಸಿಗಿ ಅಂಚಿಗೆ ಕುಂತ್ರು. ಬಗ್ಗಿ ಕಿವಿಯಾಗ ಅಂದ್ರು. ಮಂಚದ ಮೈಕು ಚಾಲೂ ಇತ್ತು."

"ಮತ್ತ?"

"ನೀವು ಹೊಳ್ಳಿದ್ರಿ. ಸಣ್ಣ ಹುಡುಗರು ಹೊಳ್ಳಿದಂಗ. ಎರಡು ತಾಸು ಕುಂತಿದ್ರು. ಪ್ರತಿ ಸಲ ಅಂದ್ರು, ಪ್ರತಿ ಸಲ ನೀವು ಉಸಿರು ತಗೊಂಡ್ರಿ. ಎದ್ದ ಬರೂ ಮುಂದ, ಮೈಕಿನಾಗ ಬಂದಿದ್ದನ್ನ ಇಟ್ಕೋರಿ ಅಂತ ನನಗ ಅವರs ಹೇಳಿದ್ರು. ಮೂರರ ಬಸ್ಸಿಗೆ ಹೋದ್ರು."

ಅಡಿವೆಪ್ಪ ಬಾಗಿಲ ಕಡೆ ನೋಡಿದ. ನಾಲ್ಕೂ ಹತ್ತಾಗಿತ್ತು.

"ಏನಂದ್ಲು?" ಎಂದ. "ಆ ಮಾತು ಏನು?"

"ಹೇಳಾಂಗಿಲ್ರಿ ಕಾಕಾ."

"ನನಗ ಅಂದ ಮಾತು, ನನಗ ಹೇಳಾಂಗಿಲ್ಲ?"

"ಒಂದs ಕರಾರು ಹಾಕ್ಯಾರ. 'ಅವರ ನಿದ್ದಿಗೆ ಕೊಟ್ಟೇನಿ, ಅವರಿಗೆ ಕೊಟ್ಟಿಲ್ಲ. ಎಚ್ಚರ ಇದ್ದಾಗ ಕೇಳಸಬ್ಯಾಡ್ರಿ' ಅಂದಾರ. ನಾ ಮಾತ ಕೊಟ್ಟೇನಿ." ಅವಳು ಕರೆಪಟ್ಟಿಯನ್ನು ಮಡಚಿ ಡಬ್ಬಿಯಲ್ಲಿಟ್ಟು ಅವನ ಕೈಗೆ ಕೊಟ್ಟಳು. "ಇನ್ನೊಂದು. ಇದಕ್ಕ ನಿದ್ದಿ ಎಚ್ಚರ ತಿಳಿಯೂದಿಲ್ಲ, ಬಣ್ಣ ಅಷ್ಟs ತಿಳಿತೈತಿ. ಎಚ್ಚರಿದ್ದಾಗ ಉಸಿರು ಬಿಗಿ ಹಿಡದ್ರೂ ಕರೀತೈತಿ. ಅದಕ್ಕ ನಿದ್ದಿ ಹತ್ತೂ ತನಕ ಸಾವಕಾಶ ಉಸಿರಾಡ್ರಿ. ಬಲಗಣ್ಣಿನ ನರ ಭಾಳ ನಾಜೂಕ ಐತಿ, ಒಂದ ಸಲಾನೂ ಬೇಕಂತ ಕಂದಿಸಬಾರದು."

ತಿಂಗಳು ಕಳೆಯಿತು. ಊತ ಇಳಿಯಿತು. "ಬಲಗಣ್ಣು ಉಳೀತು ಯಜಮಾನ್ರೇ," ಎಂದು ಡಾಕ್ಟರ್ ಹರಿಣಿ ತಾವೇ ಎದ್ದು ಬಂದು ಅವನ ಕೈ ಕುಲುಕಿದರು. ದಿನಾ ಸಂಜೆ ಎದ್ದ ಕೂಡಲೇ ಡಬ್ಬಿಯ ಮೇಲಿನ ಪುಟ್ಟ ಕಿಟಕಿಯಲ್ಲಿ ಲೆಕ್ಕ ಮೂಡಿರುತ್ತಿತ್ತು. ಕರೆದದ್ದು ಮುನ್ನೂರ ತೊಂಬತ್ತು, ಓಗೊಟ್ಟದ್ದು ಮುನ್ನೂರ ತೊಂಬತ್ತು. ಇನ್ನೊಂದು ದಿನ ನಾನೂರ ಎರಡು. ಅಡಿವೆಪ್ಪ ಅದನ್ನು ಬಲಗಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ. ನಾನೂರ ಎರಡು ಸಲ ಆಕೆ ಕರೆದಿದ್ದಾಳೆ, ನಾನೂರ ಎರಡು ಸಲ ತಾನು ಹೂಂಗುಟ್ಟಿದ್ದೇನೆ. ಹೂಂಗುಟ್ಟಿದವನು ಯಾರೆಂಬುದೇ ತನಗೆ ಪರಿಚಯವಿಲ್ಲ. ಆ ಭಾಗ್ಯವಂತನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಬ್ಯಾಡಗಿಗೆ ಒಮ್ಮೆ ಫೋನು ಮಾಡಿದ. "ಕಣ್ಣ ಹೆಂಗೈತಿ?" ಎಂದಳು. "ಚಲೋ ಐತಿ." "ಆತು ಹಂಗಾರ," ಎಂದಳು. ಅಷ್ಟೇ.

ಒಂದು ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಅವನು ಕಿಟಕಿ ಮುಚ್ಚಿ ಹಾಸಿಗೆಗೆ ಬಂದ. ಹೊರಗೆ ಊರೆಲ್ಲ ಎದ್ದು ಗಲಗಲ ಅನ್ನುತ್ತಿತ್ತು. ಪಟ್ಟಿ ಕಟ್ಟಿಕೊಂಡ. ಕಿವಿಯ ಹಿಂದೆ ಗುಂಡಿ ತಣ್ಣಗೆ ಕೂತಿತು. ಅಂಗಾತ ಮಲಗಿದವನು, ಒಂದೇ ಒಂದು ಸಲ, ಎಂದುಕೊಂಡ. ಒಂದು ಸಲಕ್ಕೆ ಏನಾಗಿಬಿಡುತ್ತದೆ? ಉಸಿರನ್ನೆಲ್ಲ ಹೊರಗೆ ಬಿಟ್ಟು ಬಾಯಿ ಬಿಗಿದ.

ಹತ್ತು ಎಣಿಸುವ ತನಕ ಏನೂ ಆಗಲಿಲ್ಲ. ಇಪ್ಪತ್ತಕ್ಕೆ ಎದೆ ಗುದ್ದತೊಡಗಿತು. ಇನ್ನೇನು ಬಗ್ಗುತ್ತಾಳೆ, ಇನ್ನೇನು ಅನ್ನುತ್ತಾಳೆ. ಮೂವತ್ತಕ್ಕೆ ಕಿವಿಯಲ್ಲಿ ಗುಂಯ್ ಎಂದಿತು. ಪಟ್ಟಿಯೊಳಗಿನ ಕತ್ತಲಲ್ಲಿ ಬಲಗಣ್ಣಿನ ಅಂಚಿಗೆ ಚುಕ್ಕೆಗಳು ಮೂಡಿದವು. ಮೂವತ್ತೈದು. ಗುಂಡಿ ಒಂದು ಸಲ ಚಟ್ ಎಂದಿತು, ಯಾರೋ ಮಾತಾಡುವ ಮುಂಚೆ ತುಟಿ ತೆರೆದ ಹಾಗೆ.

ತನ್ನ ಇಡೀ ಜನ್ಮದಲ್ಲಿ ಕಾಶವ್ವ ಅವನಲ್ಲಿ ಕೇಳಿದ್ದು ಇದೊಂದನ್ನೇ. ಸೀರೆ ಕೇಳಿರಲಿಲ್ಲ, ಜೀವನಾಂಶ ಕೇಳಿರಲಿಲ್ಲ. ಕೇಳಬೇಡ ಎಂದು ಕೇಳಿದ್ದಳು.

ಅಡಿವೆಪ್ಪ ಬಾಯಿ ತೆರೆದು ಗಾಳಿ ಎಳೆದುಕೊಂಡ. ಗುಂಡಿ ಸುಮ್ಮನಾಯಿತು. ದಿಂಬಿಗೆ ಮುಖ ಒತ್ತಿ, ಮಕ್ಕಳ ಹಾಗೆ ಸದ್ದು ಮಾಡಿ ಅತ್ತ. ಅತ್ತು ಅತ್ತು ಮೈ ಸಡಿಲಾಯಿತು, ಉಸಿರು ತಾನಾಗಿ ಹದಕ್ಕೆ ಬಂತು, ನಿದ್ದೆ ಹತ್ತಿತು.

ಆಮೇಲೆ ಆಕೆ ಕರೆಯತೊಡಗಿದಳು.